ಮೊದಲು ನೀರು ಹಿಂಡಿ

ಹೊರನಾಡಿನ ಅಡುಗೆಗಳ ಬಗ್ಗೆ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ‘ಯಾವ ಸಾಸ್ ಕೊಳ್ಳಲಿ’ ಎಂಬವು. ಆದರೆ ಅದೇ ಕಾಗದದ ಕೊನೆಯಲ್ಲಿ ತೋಡಿಕೊಂಡ ಗೋಳಿಗೂ ಸಾಸಿಗೂ ಸಂಬಂಧವೇ ಇಲ್ಲ. ಒಬ್ಬರ ಅನ್ನ ಮುದ್ದೆ ಕಟ್ಟಿದೆ, ಇನ್ನೊಬ್ಬರ ಮೊಸರು ನೀರೊಡೆದಿದೆ, ಮತ್ತೊಬ್ಬರ ಪಾಲಕ್ ಪೈ ತಳದಲ್ಲಿ ನೆನೆದು ಕೂತಿದೆ. ಬೇಡದ ಕಡೆ ನೀರು ಉಳಿಸಿಕೊಂಡು ಬಾಟಲಿಯ ಮೇಲೆ ಬಾಟಲಿ ಕೊಂಡರೆ ಏನು ಬಂತು? ಹಾಗಾಗಿ ಈ ಸಲ ಬಾಟಲಿಯ ಮಾತು ಕಡಿಮೆ, ಹಿಂಡುವ ಮಾತು ಜಾಸ್ತಿ.

ಪ್ರಶ್ನೆ: ಅಕ್ಕಾ, ಮೊಸರು–ಸೌತೆಕಾಯಿಯ ಗ್ರೀಕ್ ಟ್ಜಾಟ್ಜಿಕಿ ಮಾಡಿದಾಗ ಮೊದಲು ಚೆನ್ನಾಗಿಯೇ ಇರುತ್ತದೆ. ನೆಂಟರು ಊಟಕ್ಕೆ ಕೂರುವ ಹೊತ್ತಿಗೆ ಬಟ್ಟಲ ತುಂಬ ನೀರು. ಮೊಸರಿನ ದೋಷವೇ?

ಉತ್ತರ: ಮೊಸರನ್ನು ಸುಮ್ಮನೆ ಬೈಯಬೇಡಿ. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95 ಪಾಲು ನೀರೇ. ತುರಿದು ಉಪ್ಪು ಬಿದ್ದ ಕೂಡಲೇ ಅದು ಹೊರಗೆ ಬರಲು ಶುರು. ಬಟ್ಟಲಿಗೆ ಹಾಕಿದ ಮೇಲೆ ಬರಲಿ ಎಂದು ನೀವು ಬಿಟ್ಟಿದ್ದೀರಿ, ಹಾಕುವ ಮುಂಚೆಯೇ ಬರಿಸಬೇಕು.

ಹೀಗೆ ಮಾಡಿ. ಒಂದು ಕಿಲೋ ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಸೋರಲು ಬಿಡಿ. ಬೆಳಗ್ಗೆ ಹೆಚ್ಚುಕಡಿಮೆ ಅರ್ಧ ಕಿಲೋ ಉಳಿದಿರುತ್ತದೆ, ಚಮಚ ನೆಟ್ಟರೆ ನಿಲ್ಲಬೇಕು. ಒಂದು ದೊಡ್ಡ ಸೌತೆಕಾಯಿಯ ಬೀಜದ ಭಾಗ ತೆಗೆದು, ದಪ್ಪ ಕಣ್ಣಿನಲ್ಲಿ ತುರಿದು, ಅರ್ಧ ಚಮಚ ಉಪ್ಪು ಸವರಿ 20 ನಿಮಿಷ ಬಿಡಿ. ಆಮೇಲೆ ಮುಷ್ಟಿಯಲ್ಲಿ ಹಿಡಿದು ಹಿಂಡಿ. ಸಾಕು ಅನ್ನಿಸಿದ ಮೇಲೆ ಬಟ್ಟೆಗೆ ಹಾಕಿ ಇನ್ನೊಮ್ಮೆ ಹಿಂಡಿ, ಎರಡನೇ ಸಲ ಬರುವ ನೀರೇ ನಿಮ್ಮ ಬಟ್ಟಲಲ್ಲಿ ನಿಲ್ಲುತ್ತಿದ್ದದ್ದು. ಎರಡು ಎಸಳು ಬೆಳ್ಳುಳ್ಳಿಯನ್ನು ಚಿಟಿಕೆ ಉಪ್ಪಿನ ಜೊತೆ ನುಣ್ಣಗೆ ಅರೆದು, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಎರಡು ಸಣ್ಣ ಚಮಚ ವಿನಿಗರ್, ಹೆಚ್ಚಿದ ಸಬ್ಬಸಿಗೆ ಸೊಪ್ಪು, ಇವೆಲ್ಲ ಮೊಸರಿಗೆ ಸೇರಿಸಿ. ಸಬ್ಬಸಿಗೆ ಇಲ್ಲದಿದ್ದರೆ ಪುದೀನ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ಬಡಿಸಿ, ಬೆಳ್ಳುಳ್ಳಿಯ ಘಾಟು ಅಷ್ಟರಲ್ಲಿ ಮೊಸರಿಗೆ ಇಳಿದಿರುತ್ತದೆ. ಮಿಕ್ಸಿಗೆ ಮಾತ್ರ ಹಾಕಬೇಡಿ. ಸೋರಿಸಿದ ಮೊಸರು ಮಿಕ್ಸಿಯ ಏಟಿಗೆ ಮತ್ತೆ ತೆಳ್ಳಗಾಗುತ್ತದೆ, ರಾತ್ರಿಯ ಕೆಲಸವೆಲ್ಲ ವ್ಯರ್ಥ.

ಪ್ರಶ್ನೆ: ಆಂಟಿ, ಗ್ರೀಕ್ ಸಲಾಡ್‌ಗೆ ಲೆಟ್ಯೂಸ್ ಸೊಪ್ಪು ಎಷ್ಟು ಹಾಕಬೇಕು?

ಉತ್ತರ: ಆಂಟಿ ಎಂದು ಕರೆದವರಿಗೆ ಉತ್ತರ ಚಿಕ್ಕದು. ಹಾಕಬಾರದು. ಟೊಮೆಟೊ, ಸೌತೆಕಾಯಿ, ಈರುಳ್ಳಿ, ಹಸಿರು ದಪ್ಪ ಮೆಣಸಿನಕಾಯಿ, ಆಲಿವ್ ಕಾಯಿ, ಮೇಲೊಂದು ಫೆಟಾ ಚೀಸ್‌ನ ತುಂಡು, ಒಣ ಓರೆಗಾನೊ, ಧಾರಾಳ ಆಲಿವ್ ಎಣ್ಣೆ. ಫೆಟಾವನ್ನು ಪುಡಿ ಮಾಡಬೇಡಿ, ತಿನ್ನುವವರು ಮುರಿದುಕೊಳ್ಳುತ್ತಾರೆ. ತಟ್ಟೆಯ ತಳದಲ್ಲಿ ಉಳಿಯುವ ಎಣ್ಣೆ ಮತ್ತು ಟೊಮೆಟೊ ರಸಕ್ಕೆ ಬ್ರೆಡ್ ಅದ್ದಿ ತಿನ್ನದಿದ್ದರೆ ಸಲಾಡ್ ತಿಂದ ಹಾಗಲ್ಲ.

ಪ್ರಶ್ನೆ: ಮೇಡಂ, ಹೋಟೆಲ್‌ನ ಫ್ರೈಡ್ ರೈಸ್ ಅಗುಳು ಅಗುಳಾಗಿ ಇರುತ್ತದೆ. ನನ್ನದು ಒಂದಕ್ಕೊಂದು ಅಂಟಿ ಉಂಡೆಯಾಗುತ್ತದೆ. ಒಳ್ಳೆಯ ಸೋಯಾ ಸಾಸ್ ಹಾಕಿದರೂ ಅಷ್ಟೇ. ವೋಕ್ ಬಾಣಲೆ ಕೊಳ್ಳಲೇಬೇಕೇ?

ಉತ್ತರ: ಬಾಣಲೆ ಆಮೇಲೆ, ಮೊದಲು ಅನ್ನ ನೋಡೋಣ. ಈಗಷ್ಟೇ ಬಸಿದ ಅನ್ನದ ಮೈಮೇಲೆ ನೀರಿನ ಪಸೆ ಇರುತ್ತದೆ, ಒಳಗಿನ ಪಿಷ್ಟ ಮೆತ್ತಗಿರುತ್ತದೆ. ಸಟ್ಟುಗ ಆಡಿಸಿದರೆ ಅಗುಳು ಒಡೆದು ಅಂಟು ಹೊರಬರುತ್ತದೆ. ತಣಿದ ಅನ್ನದಲ್ಲಿ ಪಿಷ್ಟ ಮತ್ತೆ ಬಿಗಿಯಾಗುತ್ತದೆ, ಮೈಯೂ ಒಣಗಿರುತ್ತದೆ. ಚೀನೀ ಮನೆಗಳಲ್ಲಿ ಹಿಂದಿನ ದಿನದ ಅನ್ನ ಬಳಸುವುದು ಉಳಿದದ್ದು ಹಾಳಾಗದಿರಲಿ ಎಂದಷ್ಟೇ ಅಲ್ಲ, ಹುರಿಯಲು ಅದೇ ಸರಿ ಎಂದು.

ಆದರೆ ಇಲ್ಲೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ಓದಬೇಡಿ. ಹಿಂದಿನ ದಿನದ ಅನ್ನವೆಂದರೆ ರಾತ್ರಿಯೆಲ್ಲ ಒಲೆಕಟ್ಟೆಯ ಮೇಲೆ ಕೂತ ಅನ್ನವಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಹೊರಗಿದ್ದರೆ ಅವು ಮೊಳೆತು ವಾಂತಿ ಬರಿಸುವ ವಿಷ ಬಿಡುತ್ತವೆ. ಆ ವಿಷ ಒಮ್ಮೆ ಆಯಿತೆಂದರೆ ನೀವು ಎಷ್ಟು ಹುರಿದರೂ ಹೋಗದು. ಆದ್ದರಿಂದ ಬಸಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ತಣಿಸಿ, ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ.

ಈಗ ಬಾಣಲೆ. ಹೋಟೆಲ್‌ನ ಬರ್ನರ್ ಉರಿ ಮನೆಯದಕ್ಕಿಂತ ಎಷ್ಟೋ ಪಟ್ಟು ಜೋರು. ಅಲ್ಲಿ ನೀರು ಬಿದ್ದ ಕ್ಷಣವೇ ಆವಿ. ಮನೆಯಲ್ಲಿ ನಾಲ್ಕು ಜನರ ಅನ್ನ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗುತ್ತದೆ, ಅನ್ನ ಹುರಿಯದೆ ತನ್ನದೇ ಹಬೆಯಲ್ಲಿ ಬೇಯುತ್ತದೆ. ಉರಿಯನ್ನು ಹೆಚ್ಚಿಸಲಾಗದಿದ್ದರೆ ಅನ್ನವನ್ನು ಕಡಿಮೆ ಮಾಡಿ. ಒಂದು ಸಲಕ್ಕೆ ಇಬ್ಬರಿಗಾಗುವಷ್ಟು, ಅಂದರೆ ಎರಡು ಬಟ್ಟಲು. ದಪ್ಪ ಕಬ್ಬಿಣದ ಅಗಲ ಬಾಣಲೆ ಇದ್ದರೆ ಸಾಕು. ಹೊಗೆಯೇಳುವಷ್ಟು ಕಾಯಿಸಿ, ಎಣ್ಣೆ ಹಾಕಿ, ಮೊಟ್ಟೆ ತಿನ್ನುವವರು ಎರಡು ಮೊಟ್ಟೆ ಒಡೆದು ಅರೆಬೆಂದಾಗಲೇ ತೆಗೆದಿಡಿ. ಕ್ಯಾರೆಟ್, ಬಟಾಣಿಯನ್ನೂ ಬೇರೆಯಾಗಿಯೇ ಹುರಿದು ತೆಗೆಯಿರಿ, ಅವುಗಳ ನೀರು ಅನ್ನಕ್ಕೆ ಸೇರಬಾರದು. ಮತ್ತೆ ಎಣ್ಣೆ, ಶುಂಠಿ, ಈರುಳ್ಳಿ ಸೊಪ್ಪಿನ ಬಿಳಿ ಭಾಗ, ಆಮೇಲೆ ಕೈಯಲ್ಲೇ ಬಿಡಿಬಿಡಿ ಮಾಡಿದ ಅನ್ನ. ಒಂದು ನಿಮಿಷ ಕೈಯಾಡಿಸದೆ ಬಿಡಿ. ಅನ್ನ ಚಟಚಟ ಅನ್ನಬೇಕು. ಆಗ ಕೆದಕಿ. ಸೋಯಾ ಸಾಸ್ ಎರಡು ಸಣ್ಣ ಚಮಚ ಸಾಕು, ಅದೂ ಅನ್ನದ ಮೇಲಲ್ಲ, ಬಾಣಲೆಯ ಬಿಸಿ ಅಂಚಿನ ಮೇಲೆ. ಅಂಚಿಗೆ ಬಿದ್ದ ಸಾಸ್ ಕ್ಷಣದಲ್ಲಿ ಸುಟ್ಟು ಪರಿಮಳ ಕೊಡುತ್ತದೆ. ಮೊಟ್ಟೆ, ತರಕಾರಿ ಮರಳಿ ಸೇರಿಸಿ ಒಲೆ ಆರಿಸಿ. ಅನ್ನ ಕಪ್ಪಾಗುವಷ್ಟು ಸಾಸ್ ಸುರಿಯುವುದು ರುಚಿಗಲ್ಲ, ಬಣ್ಣಕ್ಕೆ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಪ್ರಶ್ನೆ: ಸೋಯಾ ಸಾಸ್‌ನಲ್ಲಿ ಲೈಟ್, ಡಾರ್ಕ್ ಎಂದು ಎರಡು ಇವೆ. ಲೈಟ್ ಎಂದರೆ ಉಪ್ಪು ಕಡಿಮೆ ಎಂದೇ? ನನಗೆ ಬಿಪಿ ಇದೆ.

ಉತ್ತರ: ಅಲ್ಲ, ಬಿಪಿ ಇದ್ದವರು ಮೋಸ ಹೋಗುವುದು ಇಲ್ಲೇ. ಲೈಟ್ ಎಂಬುದು ಬಣ್ಣಕ್ಕೆ ಹೇಳಿದ ಮಾತು. ತೆಳುವಾದ ಅದರಲ್ಲೇ ಉಪ್ಪು ಹೆಚ್ಚು ನಾಲಿಗೆಗೆ ಹತ್ತುತ್ತದೆ, ರುಚಿಗೆ ಹಾಕುವುದು ಅದನ್ನೇ. ಡಾರ್ಕ್ ಹೆಚ್ಚು ಕಾಲ ಕಳಿತದ್ದು, ಮಂದ, ತುಸು ಸಿಹಿ, ಕೆಲವು ಹನಿ ಬಣ್ಣಕ್ಕೆ. ಒಂದು ದೊಡ್ಡ ಚಮಚ ಮಾಮೂಲಿ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ನೀವೇ ಹಾಕಿ, ಸಾಸ್ ಹಾಕಿದ ಅಡುಗೆಗೆ ಬೇರೆ ಉಪ್ಪು ಹಾಕಬೇಡಿ. ಗೋಧಿ ಆಗದವರು ಮನೆಯಲ್ಲಿದ್ದರೆ ಇನ್ನೊಂದು ಮಾತು: ಸೋಯಾ ಸಾಸ್ ಮಾಡುವಾಗ ಸಾಮಾನ್ಯವಾಗಿ ಗೋಧಿಯೂ ಸೇರಿರುತ್ತದೆ, ಬಾಟಲಿಯ ಹಿಂಬದಿ ಓದಿಯೇ ಕೊಳ್ಳಿ.

ಪ್ರಶ್ನೆ: ಚೀನೀ ಅಡುಗೆಗೆ ಅಜಿನೊಮೊಟೊ ಹಾಕಿದರೆ ತಲೆನೋವು, ಇನ್ನೇನೇನೋ ಕಾಯಿಲೆ ಬರುತ್ತದೆ ಎಂದು ನಮ್ಮ ಅತ್ತೆ ಹಾಕಲು ಬಿಡುವುದಿಲ್ಲ. ನಿಜವೇ?

ಉತ್ತರ: ಅತ್ತೆ–ಸೊಸೆಯ ನಡುವೆ ಬರಲು ನನಗೆ ಇಷ್ಟವಿಲ್ಲ. ಆದರೂ ಕೇಳಿದಿರಿ, ಹೇಳುತ್ತೇನೆ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ, ಕೊಂಬು ಎಂಬ ಕಡಲಪಾಚಿಯ ಸಾರಿಗೆ ಅದರ ವಿಶೇಷ ರುಚಿ ಎಲ್ಲಿಂದ ಬಂತು ಎಂದು ಹುಡುಕಿ, ಅಜಿನೊಮೊಟೊದ ಮೂಲವಾದ ಗ್ಲುಟಮೇಟ್ ಅನ್ನು ಬೇರ್ಪಡಿಸಿದರು. ಅದೇ ಪದಾರ್ಥ ಹಣ್ಣಾದ ಟೊಮೆಟೊದಲ್ಲಿದೆ, ಹಳತಾದ ಚೀಸ್‌ನಲ್ಲಿದೆ, ಅಣಬೆಯಲ್ಲಿದೆ. ಭಯ ಹುಟ್ಟಿದ್ದು 1968ರಲ್ಲಿ. ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಒಬ್ಬ ವೈದ್ಯರು ಬರೆದ ಪತ್ರದಲ್ಲಿ, ಚೀನೀ ಹೋಟೆಲ್‌ನಲ್ಲಿ ಉಂಡರೆ ಕತ್ತಿನ ಹಿಂದೆ ಜೋಮು ಹಿಡಿಯುತ್ತದೆ, ಕಾರಣ ಸೋಯಾ ಸಾಸೋ ಮದ್ಯವೋ ಉಪ್ಪೋ ಈ ಪುಡಿಯೋ ಎಂದು ಕೇಳಿದ್ದರು. ಅದು ಸಂಶಯವೇ ಹೊರತು ತೀರ್ಪಲ್ಲ. ಜನ ಪುಡಿಯೊಂದನ್ನೇ ಹಿಡಿದುಕೊಂಡರು. ಆಮೇಲೆ, ಯಾರಿಗೆ ಯಾವುದು ಕೊಟ್ಟಿದೆ ಎಂದು ತಿನ್ನುವವರಿಗೂ ಕೊಡುವವರಿಗೂ ಗೊತ್ತಿಲ್ಲದಂತೆ ನಡೆಸಿದ ಪರೀಕ್ಷೆಗಳಲ್ಲಿ ಆ ದೂರು ಒಂದೇ ಸಮನೆ ಕಾಣಿಸಿಕೊಳ್ಳಲಿಲ್ಲ. ಊಟವಿಲ್ಲದೆ 3 ಗ್ರಾಂ ಅಥವಾ ಹೆಚ್ಚು ಒಟ್ಟಿಗೆ ನುಂಗಿದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಜೋಮು ಬರಬಹುದು. ಅಡುಗೆಗೆ ಬೀಳುವುದು ಒಬ್ಬರ ಪಾಲಿಗೆ ಸಾಮಾನ್ಯವಾಗಿ ಅರ್ಧ ಗ್ರಾಂಗಿಂತಲೂ ಕಡಿಮೆ.

ಇನ್ನೊಂದು ಲೆಕ್ಕ ಅತ್ತೆಯವರಿಗೆ ತೋರಿಸಿ: ಉಪ್ಪಿನ ತೂಕದಲ್ಲಿ ನೂರಕ್ಕೆ 39 ಪಾಲು ಸೋಡಿಯಂ, ಈ ಪುಡಿಯಲ್ಲಿ ಸುಮಾರು 12. ಇಷ್ಟಾದರೂ ಅವರು ಬೇಡವೆಂದರೆ ಬಿಡಿ, ಜಗಳ ಯಾಕೆ? ನಾಲ್ಕು ಒಣ ಶಿಟಾಕೆ ಅಣಬೆಯನ್ನು ಎರಡು ಲೋಟ ನೀರಿನಲ್ಲಿ ಕೆಲವು ಗಂಟೆ ನೆನೆಸಿಟ್ಟು ಆ ನೀರನ್ನೇ ಸೂಪ್‌ಗೆ ಹಾಕಿ. ಸಸ್ಯಾಹಾರದ ಚೀನೀ ಅಡುಗೆಗೆ ಇದಕ್ಕಿಂತ ಒಳ್ಳೆಯ ಸಾರು ನನಗೆ ಗೊತ್ತಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಗ್ರೀಕ್ ಅಡುಗೆಯೆಂದರೆ ಬರೀ ಕುರಿ ಮಾಂಸ ಎಂದು ಕೇಳಿದ್ದೇನೆ. ನಮಗೇನಾದರೂ ಇದೆಯೇ?

ಉತ್ತರ: ನಿಮಗೇ ಜಾಸ್ತಿ ಇದೆ. ಹೋಟೆಲ್ ಫಲಕ ನೋಡಿದರೆ ಮಾಂಸವೇ ಕಾಣುವುದು ನಿಜ, ಆದರೆ ಗ್ರೀಕರ ಮನೆಯೊಳಗಿನ ಅಡುಗೆ ಬೇರೆ. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ, ವರ್ಷದ ಬಹುಪಾಲು ಬುಧವಾರ ಶುಕ್ರವಾರಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುವ ಪದ್ಧತಿ ಇದೆ. ಹಾಗಾಗಿ ತರಕಾರಿ, ಕಾಳುಗಳ ಒಂದು ದೊಡ್ಡ ಸಂಸಾರವೇ ಅಲ್ಲಿ ಬೆಳೆದಿದೆ. ಆಲಿವ್ ಎಣ್ಣೆಯಲ್ಲಿ ಬೇಯಿಸುವ ಇವನ್ನು ಲದೆರಾ ಅನ್ನುತ್ತಾರೆ.

ಫಸೊಲಾಕಿಯಾದಿಂದ ಶುರು ಮಾಡಿ. ಅರ್ಧ ಕಿಲೋ ಎಳೆ ಬೀನ್ಸ್‌ನ ನಾರು ತೆಗೆಯಿರಿ, ಕತ್ತರಿಸಬೇಡಿ. ಒಂದು ಈರುಳ್ಳಿಯನ್ನು ಅರ್ಧ ಲೋಟ ಆಲಿವ್ ಎಣ್ಣೆಯಲ್ಲಿ ಮೆತ್ತಗಾಗಿಸಿ. ಹೌದು, ಅರ್ಧ ಲೋಟ, ಸುಮಾರು 100 ಮಿಲಿ. ಚಮಚದಲ್ಲಿ ಅಳೆದು ಹಾಕುವವರು ಬೇರೆ ಅಡುಗೆ ನೋಡಿಕೊಳ್ಳಿ, ಏಕೆಂದರೆ ಇಲ್ಲಿ ಎಣ್ಣೆಯೇ ಸಾರು. ಬೀನ್ಸ್, ದಪ್ಪ ಹೋಳು ಮಾಡಿದ ಎರಡು ಆಲೂಗಡ್ಡೆ, ತುರಿದ ಮೂರು ಟೊಮೆಟೊ, ಉಪ್ಪು, ಚಿಟಿಕೆ ಸಕ್ಕರೆ, ಪಾರ್ಸ್ಲಿ ಸೊಪ್ಪು ಹಾಕಿ. ನೀರು ಅರ್ಧ ಲೋಟ ಮೀರಬಾರದು. ಮುಚ್ಚಿ, ಸಣ್ಣ ಉರಿಯಲ್ಲಿ 40–45 ನಿಮಿಷ. ಬೀನ್ಸ್ ಹಸಿರಾಗಿ ಕರುಕುರು ಅನ್ನಬೇಕು ಎಂಬ ಹಟ ಬಿಡಿ, ಬಣ್ಣ ಮಂಕಾಗಿ ಬಾಯಲ್ಲಿ ಕರಗಬೇಕು. ಕೊನೆಗೆ ಮುಚ್ಚಳ ತೆಗೆದು ನೀರೆಲ್ಲ ಇಂಗಿ ಎಣ್ಣೆ ಮಾತ್ರ ಹೊಳೆಯುವವರೆಗೆ ಬಿಡಿ. ಉಗುರುಬೆಚ್ಚಗಾದ ಮೇಲೆ ಬ್ರೆಡ್ ಜೊತೆ ತಿನ್ನಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಬಿಸಿ ಮಾಡಬಾರದು ಎಂಬ ಮಾತು ಕೇಳಿ ಹೆದರಬೇಡಿ. ಅದು ಹೊಗೆಯಾಡುವುದು 190 ಡಿಗ್ರಿಯ ಆಸುಪಾಸಿನಲ್ಲಿ, ಈ ಪಾತ್ರೆಯೊಳಗಿನ ಬಿಸಿ ಅದರ ಹತ್ತಿರಕ್ಕೂ ಹೋಗದು.

ಶುದ್ಧ ಸಸ್ಯಾಹಾರ ಅಂದಿರಲ್ಲ, ಫೆಟಾ ಕೊಳ್ಳುವಾಗ ಒಂದು ವಿಷಯ ತಿಳಿದಿರಲಿ. ಸಾಂಪ್ರದಾಯಿಕ ಫೆಟಾಕ್ಕೆ ಹಾಲು ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಎಳೆಯ ಪ್ರಾಣಿಯ ಹೊಟ್ಟೆಯಿಂದ ಬಂದದ್ದು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸುವವರೂ ಇದ್ದಾರೆ, ಪೊಟ್ಟಣದ ಮೇಲೆ ಹಾಗೆಂದು ಬರೆದಿದ್ದರೆ ಮಾತ್ರ ತನ್ನಿ. ಇಟಲಿಯ ಪಾರ್ಮಿಜಾನೊ ರೆಜಾನೊದಲ್ಲಿ ಆ ಆಯ್ಕೆಯೂ ಇಲ್ಲ, ಕರುವಿನ ರೆನೆಟ್ ಬಳಸಬೇಕೆಂಬುದೇ ಅದರ ನಿಯಮ. ಚೀನೀ ಅಡುಗೆಯ ಆಯ್ಸ್ಟರ್ ಸಾಸ್ ಚಿಪ್ಪುಮೀನಿನದು, ಬದಲಿಗೆ ಅಣಬೆಯದು ಸಿಗುತ್ತದೆ.

ಪ್ರಶ್ನೆ: ಫೆಟಾ ಹೆಸರಿನಲ್ಲಿ ಹಸುವಿನ ಹಾಲಿನ ಚೀಸ್ ಸಿಕ್ಕಿತು. ಅದೂ ಫೆಟಾವೇ?

ಉತ್ತರ: ಐರೋಪ್ಯ ಒಕ್ಕೂಟದ ಕಾನೂನಿನ ಪ್ರಕಾರ ಅಲ್ಲ. 2002ರಿಂದ ಆ ಹೆಸರು ಗ್ರೀಸ್‌ಗೆ ಮೀಸಲು. ಕುರಿಯ ಹಾಲು ಇರಬೇಕು, ಆಡಿನ ಹಾಲು ಬೆರೆಸಿದರೆ ನೂರಕ್ಕೆ 30 ಪಾಲು ಮೀರಬಾರದು, ಉಪ್ಪುನೀರಿನಲ್ಲಿ ಕಡೇಪಕ್ಷ ಎರಡು ತಿಂಗಳು ಕಳಿಯಬೇಕು. ನಿಮ್ಮದು ಒಕ್ಕೂಟದ ಹೊರಗೆ ತಯಾರಾದದ್ದಿರಬೇಕು. ಸಲಾಡ್‌ಗೆ ಸಪ್ಪೆ ಅನ್ನಿಸಬಹುದು, ಪೈಗೆ ನಡೆಯುತ್ತದೆ.

ಪ್ರಶ್ನೆ: ಅದೇ ಪೈ ಬಗ್ಗೆ, ಅಕ್ಕಾ. ಸ್ಪನಕೊಪಿಟಾ ಮೇಲೆ ಗರಿಗರಿ, ಕೆಳಗೆ ಹಸಿ ಹಸಿ. ಫಿಲೊ ಎಂಬ ತೆಳು ಹಿಟ್ಟಿನ ಹಾಳೆಗಳೂ ಬಿಡಿಸುವಾಗಲೇ ಪುಡಿಪುಡಿ.

ಉತ್ತರ: ಪಾಲಕ್ ಹಿಂಡಲಿಲ್ಲ. ಮುಕ್ಕಾಲು ಕಿಲೋ ಸೊಪ್ಪು ಹೆಚ್ಚಿ, ಬಾಣಲೆಯಲ್ಲಿ ಬಾಡಿಸಿ, ತಣಿಸಿ, ಹಿಂಡಿ ತೆಗೆದರೆ ಎರಡು ಮುಷ್ಟಿ ಉಳಿಯಬೇಕು. ಹೆಚ್ಚು ಉಳಿದಿದ್ದರೆ ಅದು ಸೊಪ್ಪಲ್ಲ, ನೀರು. ಅದಕ್ಕೆ ಈರುಳ್ಳಿ ಸೊಪ್ಪು, ಸಬ್ಬಸಿಗೆ, ಕಾಲು ಕಿಲೋ ಫೆಟಾ, ಎರಡು ಮೊಟ್ಟೆ. ಮೊಟ್ಟೆ ತಿನ್ನದವರು ಎರಡು ಚಮಚ ರವೆ ಹಾಕಿ, ಉಳಿದ ಪಸೆಯನ್ನು ಅದು ಹೀರಿಕೊಳ್ಳುತ್ತದೆ. ಫಿಲೊವನ್ನು ಫ್ರೀಜರ್‌ನಿಂದ ನೇರ ಬಿಚ್ಚಬೇಡಿ, ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ. ಬಿಚ್ಚಿದ ಮೇಲೆ ಒದ್ದೆ ಬಟ್ಟೆ ಹಿಂಡಿ ಹೊದಿಸಿ. ತಳಕ್ಕೆ ಆರು ಹಾಳೆ, ಮೇಲೆ ಆರು, ಪ್ರತಿ ಹಾಳೆಗೂ ಎಣ್ಣೆ. ಒಲೆಗಿಡುವ ಮುಂಚೆಯೇ ಮೇಲಿನ ಹಾಳೆಗಳನ್ನು ಚೌಕ ಗೀರಿ, ಹಬೆ ಹೋಗಲು ದಾರಿಯೂ ಆಯಿತು, ಆಮೇಲೆ ಕತ್ತರಿಸುವಾಗ ಪುಡಿಯಾಗುವುದೂ ತಪ್ಪಿತು. 180 ಡಿಗ್ರಿಯಲ್ಲಿ 45–50 ನಿಮಿಷ, ಒವನ್‌ನ ಕೆಳಗಿನ ಅಂತಸ್ತಿನಲ್ಲಿ.

ಪ್ರಶ್ನೆ: ನಾನು ಹಾಸ್ಟೆಲ್ ಬಿಟ್ಟು ಬಾಡಿಗೆ ಕೋಣೆಗೆ ಬಂದಿದ್ದೇನೆ. ಒಂದೇ ಒಲೆ, ಒಂದೇ ಬಾಣಲೆ. ಚೀನಾದವರು ಮನೆಯಲ್ಲಿ ನಿಜವಾಗಿ ತಿನ್ನುವಂಥದ್ದು ಏನಾದರೂ ಹೇಳಿ.

ಉತ್ತರ: ಟೊಮೆಟೊ–ಮೊಟ್ಟೆ. ಚೀನಾದ ಮನೆಮನೆಯಲ್ಲೂ ಮಾಡುವುದು, ಮಕ್ಕಳು ಮೊದಲು ಕಲಿಯುವ ಅಡುಗೆಗಳಲ್ಲೊಂದು. ನಾಲ್ಕು ಮೊಟ್ಟೆಗೆ ಉಪ್ಪು ಹಾಕಿ ಕಲಕಿ, ಬಿಸಿ ಎಣ್ಣೆಗೆ ಸುರಿದು, ಇನ್ನೂ ಮೆತ್ತಗಿರುವಾಗಲೇ ತೆಗೆದಿಡಿ. ಅದೇ ಬಾಣಲೆಗೆ ಮೂರು ಹಣ್ಣು ಟೊಮೆಟೊ ಹೋಳು, ಉಪ್ಪು, ಒಂದು ಚಮಚ ಸಕ್ಕರೆ. ಇಲ್ಲಿ ಮಾತ್ರ ಹಿಂಡಬೇಡಿ, ಟೊಮೆಟೊದ ನೀರೇ ಬೇಕು. ರಸ ಬಿಟ್ಟು ಕುದಿಯತೊಡಗಿದಾಗ ಮೊಟ್ಟೆ ಮರಳಿ ಹಾಕಿ, ಅರ್ಧ ನಿಮಿಷ, ಮೇಲೆ ಈರುಳ್ಳಿ ಸೊಪ್ಪು. ಅನ್ನದ ಮೇಲೆ ಸುರಿದುಕೊಳ್ಳಿ. ಬೇರೆ ಸಾಸ್ ಯಾವುದೂ ಬೇಡ. ತಿಂಗಳ ಕೊನೆಗೂ ಒಗ್ಗುವ ಅಡುಗೆ.

ಪ್ರಶ್ನೆ: ಅಕ್ಕಾ, ಅವ್ಗೊಲೆಮೊನೊ ಸೂಪ್ ಮಾಡಿದೆ. ಮೊಟ್ಟೆ ಹಾಕಿದ ಕೂಡಲೇ ಒಡೆದು ಚೂರುಚೂರು ತೇಲಿತು. ನಿಂಬೆಹುಳಿಯಿಂದ ಹೀಗಾಯಿತೇ?

ಉತ್ತರ: ನಿಂಬೆಯಲ್ಲ, ಅವಸರ. ಮೊಟ್ಟೆ 65–70 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ನೀವು ಸುರಿದದ್ದು ಕುದಿಯುವ ಸೂಪ್‌ಗೆ. ಬಿಸಿಯನ್ನು ಮೊಟ್ಟೆಯ ಬಳಿಗೆ ಒಯ್ಯಬೇಕು, ಮೊಟ್ಟೆಯನ್ನು ಬಿಸಿಯ ಬಳಿಗಲ್ಲ. ಒಂದು ಲೀಟರ್ ಸಾರಿನಲ್ಲಿ ಅರ್ಧ ಬಟ್ಟಲು ಅಕ್ಕಿ ಬೇಯಿಸಿ. ಗ್ರೀಕರು ಸಾಮಾನ್ಯವಾಗಿ ಕೋಳಿ ಸಾರು ಹಾಕುತ್ತಾರೆ, ತರಕಾರಿಯದೂ ಆಗುತ್ತದೆ. ಒಲೆ ಆರಿಸಿ ಐದು ನಿಮಿಷ ಬಿಡಿ. ಎರಡು ಮೊಟ್ಟೆಯನ್ನು ನೊರೆ ಬರುವಂತೆ ಕಡೆದು ಒಂದೂವರೆ ನಿಂಬೆಯ ರಸ ಸೇರಿಸಿ. ಕಡೆಯುತ್ತಲೇ ಬಿಸಿ ಸಾರನ್ನು ಸೌಟಿನಿಂದ ಎಳೆಯಾಗಿ ಬಿಡಿ, ಒಂದು ಸೌಟು, ಎರಡು, ಮೂರು. ಬಟ್ಟಲು ಬೆಚ್ಚಗಾಯಿತು ಎಂದಾಗ ಎಲ್ಲವನ್ನೂ ಪಾತ್ರೆಗೆ ತಿರುಗಿಸಿ. ಅನ್ನದ ಪಿಷ್ಟ ಮೊಟ್ಟೆ ಒಡೆಯದಂತೆ ಸ್ವಲ್ಪ ಕಾಪಾಡುತ್ತದೆ, ಆದರೂ ಮತ್ತೆ ಕುದಿಸುವಂತಿಲ್ಲ. ಉಳಿದದ್ದನ್ನು ಮರುದಿನ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಅಷ್ಟೇ.

ಪ್ರಶ್ನೆ: ಚೀನೀ ಪಾಕವಿಧಾನದಲ್ಲೆಲ್ಲ ಶಾವ್‌ಶಿಂಗ್ ಮದ್ಯ ಎಂದಿರುತ್ತದೆ. ಒಲೆಯ ಮೇಲೆ ಎಲ್ಲ ಆವಿಯಾಗಿ ಹೋಗುತ್ತದಂತೆ, ಹಾಕಬಹುದೇ?

ಉತ್ತರ: ಎಲ್ಲ ಹೋಗುವುದಿಲ್ಲ. 15 ನಿಮಿಷ ಕುದಿಸಿದರೂ ಮದ್ಯಸಾರದಲ್ಲಿ ನೂರಕ್ಕೆ ಸುಮಾರು 40 ಪಾಲು ಉಳಿಯುತ್ತದೆ, ಒಂದು ಗಂಟೆಗೆ 25. ನಿಮ್ಮ ನಂಬಿಕೆಗೆ ಬೇಡವಾದರೆ ಬಿಟ್ಟುಬಿಡಿ. ಅಷ್ಟೇ ಅಳತೆಯ ಅಣಬೆ ನೆನೆಸಿದ ನೀರು, ಎರಡು ಹನಿ ಅಕ್ಕಿ ವಿನಿಗರ್, ಚಿಟಿಕೆ ಸಕ್ಕರೆ ಸಾಕು.

ಪ್ರಶ್ನೆ: ಜಾವ್‌ಜ಼ಿ ಎಂಬ ಚೀನೀ ಡಂಪ್ಲಿಂಗ್ ಮಾಡಿದೆ. ನೀರಿಗೆ ಹಾಕಿದಾಗ ಅರ್ಧ ಒಡೆದವು, ಹಬೆಯಲ್ಲಿಟ್ಟವು ಚಕ್ಕಳವಾದವು. ಹಿಟ್ಟು ಒಂದೇ, ಹೂರಣ ಒಂದೇ.

ಉತ್ತರ: ಹಿಟ್ಟು ಒಂದೇ ಆದದ್ದೇ ತೊಂದರೆ. ಕುದಿಯುವ ನೀರಿನಲ್ಲಿ ಬೇಯಿಸುವುದಕ್ಕೆ ತಣ್ಣೀರಿನಲ್ಲಿ ಕಲಸಬೇಕು, ಆಗ ಹಿಟ್ಟಿನ ಅಂಟು ಬಲವಾಗಿ ಬೆಳೆದು ಕುದಿತವನ್ನು ತಾಳುತ್ತದೆ. ಹಬೆಯದಕ್ಕೆ ಕುದಿನೀರಿನಲ್ಲಿ ಕಲಸಬೇಕು, ಅಂಟು ಕುಗ್ಗಿ ಪಿಷ್ಟ ಅಲ್ಲೇ ಅರೆಬೆಂದು ಹಿಟ್ಟು ಮೃದುವಾಗುತ್ತದೆ. ಎರಡಕ್ಕೂ 300 ಗ್ರಾಂ ಮೈದಾಕ್ಕೆ ಸುಮಾರು 150 ಮಿಲಿ ನೀರು. ಕುದಿನೀರಿನದಕ್ಕೆ ಒಂದೆರಡು ಚಮಚ ಹೆಚ್ಚು ಹಿಡಿಯಬಹುದು. ಎರಡನ್ನೂ ನಾದಿ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಒಡೆದದ್ದಕ್ಕೆ ಇನ್ನೊಂದು ಕಾರಣ ಎಲೆಕೋಸು. ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ 15 ನಿಮಿಷದ ಮೇಲೆ ಹಿಂಡಿದಿರಾ? ಇಲ್ಲ ತಾನೇ. ಹಿಂಡಿದ ಕೋಸಿಗೆ ಹುರಿದ ಅಣಬೆ, ಪುಡಿ ಮಾಡಿದ ತೋಫು (ಸೋಯಾ ಪನೀರ್), ಶುಂಠಿ, ಸೋಯಾ ಸಾಸ್, ಕೊನೆಗೆ ಎಳ್ಳೆಣ್ಣೆ. ಲಟ್ಟಿಸುವಾಗ ಅಂಚು ತೆಳ್ಳಗೆ, ನಡು ತುಸು ದಪ್ಪ ಇರಲಿ. ಮಡಚಿ ಒತ್ತುವಾಗ ಒಳಗೆ ಗಾಳಿ ಉಳಿಯಬಾರದು. ಕುದಿಯುವ ನೀರಿಗೆ ಬಿಟ್ಟ ಕೂಡಲೇ ಸೌಟಿನ ಬೆನ್ನಿನಿಂದ ಒಮ್ಮೆ ತಳ್ಳಿ, ತಳಕ್ಕೆ ಅಂಟುವುದಿಲ್ಲ. ನೀರು ಉಕ್ಕಿದಾಗ ಅರ್ಧ ಲೋಟ ತಣ್ಣೀರು ಹೊಯ್ಯಿರಿ. ಹೀಗೆ ಮೂರು ಸಲ. ಉತ್ತರ ಚೀನಾದ ಮನೆಗಳ ಹಳೆಯ ಕ್ರಮವಿದು. ಹೊರಪದರ ಕುದಿತಕ್ಕೆ ಹರಿಯದೆ ಒಳಗಿನ ಹೂರಣ ಬೇಯಲು ಸಮಯ ಸಿಗುತ್ತದೆ. ಮೂರನೇ ಸಲ ಉಕ್ಕಿದಾಗ ಎಲ್ಲ ತೇಲುತ್ತವೆ, ತೆಗೆಯಿರಿ.

ಪ್ರಶ್ನೆ: ಮೆಕ್ಸಿಕೋದ ಟಾರ್ಟಿಯಾ ರೊಟ್ಟಿ ಮಾಡಲು ಮೆಕ್ಕೆಜೋಳದ ಹಿಟ್ಟು ಕಲಸಿದೆ. ಒತ್ತಿದರೆ ಬಿರುಕು, ಎತ್ತಿದರೆ ತುಂಡು. ಬಿಸಿನೀರು ಹಾಕಿ ನೋಡಿದರೂ ಅಷ್ಟೇ.

ಉತ್ತರ: ಈ ಸಲ ನೀರಿನದ್ದಲ್ಲ, ಹಿಟ್ಟಿನದ್ದೇ ಕತೆ. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಹಾಗೇ ಬೀಸುವುದಿಲ್ಲ. ಒಣ ಕಾಳಿನ ತೂಕಕ್ಕೆ ನೂರಕ್ಕೆ ಒಂದು ಪಾಲಿನಷ್ಟು ಸುಣ್ಣ ಸೇರಿಸಿದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟು, ಬೆಳಗ್ಗೆ ಸಿಪ್ಪೆ ಹೋಗುವಂತೆ ತೊಳೆದು ಅರೆಯುತ್ತಾರೆ. ಸುಣ್ಣದಿಂದ ಕಾಳಿನ ಗೋಡೆ ಸಡಿಲಾಗಿ ಹಿಟ್ಟಿಗೆ ಅಂಟು ಬರುತ್ತದೆ. ನಿಮ್ಮ ಹಿಟ್ಟಿಗೆ ಆ ಸಂಸ್ಕಾರ ಆಗಿಲ್ಲ, ನೀವು ಏನೇ ಮಾಡಿದರೂ ಅದು ಕೂಡಿಕೊಳ್ಳದು.

ಸುಣ್ಣಕ್ಕೆ ಇನ್ನೂ ದೊಡ್ಡ ಕೆಲಸವಿದೆ. ಮೆಕ್ಕೆಜೋಳದ ನಿಯಾಸಿನ್ ಜೀವಸತ್ವ ಬಿಗಿದುಕೊಂಡಿರುತ್ತದೆ, ಹಾಗೇ ತಿಂದರೆ ಮೈಗೆ ಹತ್ತುವುದಿಲ್ಲ. ಸುಣ್ಣ ಅದನ್ನು ಬಿಡಿಸುತ್ತದೆ. ಸ್ಪೇನಿನವರು ಕಾಳನ್ನು ಯೂರೋಪಿಗೆ ಒಯ್ದರು, ಸುಣ್ಣದ ಕ್ರಮ ಒಯ್ಯಲಿಲ್ಲ. ಮೆಕ್ಕೆಜೋಳವನ್ನೇ ನೆಚ್ಚಿದ ಬಡವರಿಗೆ ಚರ್ಮ ಸುಲಿದು, ಭೇದಿ ಹತ್ತಿ, ಬುದ್ಧಿ ಕಲಕುವ ಪೆಲಾಗ್ರ ಬಂತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲೇ ಅದನ್ನು ಗುರುತಿಸಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನ ಇದನ್ನು ಅಂಟುರೋಗ ಎಂದುಕೊಂಡಿದ್ದಾಗ, 1914ರಿಂದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ತಪ್ಪು ಊಟದ್ದು ಎಂದು ತೋರಿಸುತ್ತ ಬಂದರು. ನಿಯಾಸಿನ್ ಕೊರತೆ ಎಂದು ಗೊತ್ತಾದದ್ದು 1937ರಲ್ಲಿ. ಅಡುಗೆಮನೆಯ ಹೆಂಗಸರಿಗೆ ಸಾವಿರಾರು ವರ್ಷಗಳಿಂದ ಕೈಗೆ ಗೊತ್ತಿದ್ದದ್ದು ಪ್ರಯೋಗಶಾಲೆಗೆ ಅಷ್ಟು ತಡವಾಗಿ ತಲುಪಿತು. ನನಗೆ ಇದನ್ನು ನೆನೆದಾಗಲೆಲ್ಲ ಸಿಟ್ಟೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ನಿಮಗೆ ಬೇಕಾದದ್ದು ಮಾಸಾ ಹರೀನಾ, ಅಂದರೆ ಸುಣ್ಣದಲ್ಲಿ ಬೇಯಿಸಿ ಅರೆದು ಒಣಗಿಸಿದ ಹಿಟ್ಟು. ಕಾಲು ಕಿಲೋಗೆ ಸುಮಾರು 350 ಮಿಲಿ ಬೆಚ್ಚನೆಯ ನೀರು, ಕಲಸಿ 20 ನಿಮಿಷ ಬಿಡಿ. ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಒತ್ತಿ. ಅಂಚು ಬಿರಿದರೆ ಒಂದು ಚಮಚ ನೀರು ಹೆಚ್ಚಿಸಿ. ಒಣ ಹೆಂಚಿನ ಮೇಲೆ ಎರಡೂ ಬದಿ ಬೇಯಿಸಿ ಬಟ್ಟೆಯಲ್ಲಿ ಸುತ್ತಿಡಿ.

ಪ್ರಶ್ನೆ: ಪಾಸ್ತಾ ಬೇಯುವ ನೀರಿಗೆ ಎಣ್ಣೆ ಹಾಕಿದರೆ ಅಂಟುವುದಿಲ್ಲವಂತೆ?

ಉತ್ತರ: ಎಣ್ಣೆ ನೀರಿನ ಮೇಲೆ ತೇಲುತ್ತದೆ, ಪಾಸ್ತಾ ಕೆಳಗಿರುತ್ತದೆ. ಮೊದಲೆರಡು ನಿಮಿಷ ಕಲಕಿ. 100 ಗ್ರಾಂಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಬಸಿಯುವ ಮುಂಚೆ ಒಂದು ಲೋಟ ನೀರು ತೆಗೆದಿಡಿ, ಅದರಲ್ಲಿನ ಪಿಷ್ಟ ಸಾಸನ್ನು ಪಾಸ್ತಾಕ್ಕೆ ಹಿಡಿಸುತ್ತದೆ.

ಪ್ರಶ್ನೆ: ಸಿಚುವಾನ್ ಮೆಣಸು ಹಾಕಿ ಮಾಪೊ ತೋಫು ಮಾಡಿದೆ. ನಮ್ಮೆಜಮಾನರ ತುಟಿ, ನಾಲಿಗೆ ಜುಮ್ಮೆಂದು ಗಾಬರಿ ಬಿದ್ದರು. ಅಲರ್ಜಿಯೇ?

ಉತ್ತರ: ಊತ, ಕೆಮ್ಮು, ದದ್ದು ಇದ್ದಿದ್ದರೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಬರೀ ಜುಮ್ಮೆಂದರೆ ಅಡುಗೆ ಸರಿಯಾಗಿದೆ ಎಂದರ್ಥ. ಅದು ಮೆಣಸಿನ ಜಾತಿಯದ್ದೇ ಅಲ್ಲ, ನಿಂಬೆಯ ಕುಲಕ್ಕೆ ಸೇರಿದ ಗಿಡದ ಕಾಯಿಸಿಪ್ಪೆ. ಅದರಲ್ಲಿರುವ ಸ್ಯಾನ್‌ಶೂಲ್ ಸ್ಪರ್ಶದ ನರಗಳನ್ನು ಕೆಣಕುತ್ತದೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದಾಗ ಆ ಜುಮ್ಮು ಸೆಕೆಂಡಿಗೆ ಸುಮಾರು 50 ಸಲದ ಕಂಪನಕ್ಕೆ ಸಮವಾಗಿತ್ತು. ಒಳಗಿನ ಕಪ್ಪು ಬೀಜ ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ, ತೆಗೆದು ಸಿಪ್ಪೆ ಮಾತ್ರ ಹುರಿದು ಪುಡಿ ಮಾಡಿ. ಯಜಮಾನರಿಗೆ ಕಾಲು ಚಮಚದಿಂದ ಶುರು ಮಾಡಿ. ತೋಫುವನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ತೆಗೆದರೆ ಮುರಿಯುವುದೂ ಕಡಿಮೆ.

ಪ್ರಶ್ನೆ: ಬದನೆಕಾಯಿ, ಮಾಂಸ ಪದರಪದರವಾಗಿ ಜೋಡಿಸಿ ಒವನ್‌ನಲ್ಲಿ ಬೇಯಿಸುವ ಗ್ರೀಕರ ಮುಸಾಕಾಗೆ ಬದನೆಕಾಯಿ ಕರಿದರೆ ಅರ್ಧ ಲೀಟರ್ ಎಣ್ಣೆ ಕುಡಿಯುತ್ತದೆ. ಕತ್ತರಿಸಿದರೆ ಇಡೀ ಮುಸಾಕಾ ಜಾರಿ ತಟ್ಟೆಯ ತುಂಬ ಹರಡುತ್ತದೆ. ಮಾಂಸದ ಬದಲು ಏನು ಹಾಕಲಿ?

ಉತ್ತರ: ಬದನೆಯ ತಿರುಳಿನ ತುಂಬ ಗಾಳಿಗೂಡುಗಳು, ಎಣ್ಣೆ ಸೇರುವುದು ಅಲ್ಲಿಗೆ. ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆಯ ಮೇಲೆ ಒರೆಸಿದರೆ ಗೂಡುಗಳು ಕುಸಿದಿರುತ್ತವೆ. ಕರಿಯಲೂ ಬೇಡಿ, ಎರಡೂ ಬದಿ ಎಣ್ಣೆ ಸವರಿ 200 ಡಿಗ್ರಿಯಲ್ಲಿ 25 ನಿಮಿಷ ಒವನ್‌ನಲ್ಲಿಡಿ. ಮಾಂಸದ ಬದಲು ಬೇಯಿಸಿದ ಕಂದು ಲೆಂಟಿಲ್ ಕಾಳು ಮತ್ತು ಅಣಬೆ, ಟೊಮೆಟೊ, ಒಂದು ತುಂಡು ದಾಲ್ಚಿನ್ನಿ. ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ರಸ ಹರಿದು ಮುಚ್ಚಬಾರದು, ಅಷ್ಟು ಗಟ್ಟಿಯಾಗಿ ಇಂಗಿಸಿ. ಮೇಲಿನ ಬಿಳಿ ಸಾಸ್ ಹಳೆಯ ಕಾಲದ್ದೇನಲ್ಲ, ಫ್ರೆಂಚ್ ಅಡುಗೆ ಮೆಚ್ಚಿದ ಬಾಣಸಿಗ ನಿಕೋಲಾಸ್ ಸೆಲೆಮೆಂಟೆಸ್ 20ನೇ ಶತಮಾನದ ಮೊದಲ ದಶಕಗಳಲ್ಲಿ ಜನಪ್ರಿಯ ಮಾಡಿದ್ದು. ಬೇಡವಾದರೆ ಬಿಡಬಹುದು, ನಾನು ಬಿಡುವುದಿಲ್ಲ.

ಜಾರಿ ಹರಡುವುದು ಒವನ್‌ನಿಂದ ತೆಗೆದ ಕೂಡಲೇ ಚಾಕು ಹಾಕಿದ್ದರಿಂದ. 45 ನಿಮಿಷ ಮುಟ್ಟಬೇಡಿ. ಗ್ರೀಕರೂ ಅದನ್ನು ಬೆಚ್ಚಗೆ ತಿನ್ನುತ್ತಾರೆ, ಸುಡುಸುಡು ಅಲ್ಲ. ಈಗಲೇ ಬೇಕು ಎಂದು ತಟ್ಟೆ ಬಡಿಯುವವರಿಗೆ ಸೂಪ್ ಕೊಟ್ಟು ಕೂರಿಸಿ.